ಕತ್ತಿ ಮೀನಿಗೆ ಗಾಳ ಹಾಕಿದ್ದನೇ ಚಾಲುಕ್ಯ ರಾಜ? ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಗಾಳದ ಮೀನುಬೇಟೆಯ ಬಗ್ಗೆ ಎರಡು ಥರದ ಫಾರ್ವರ್ಡ್ ನಿಮ್ಮ ವಾಟ್ಸ್ಆ್ಯಪ್ ಗ್ರೂಪಿಗೂ ಬಂದಿರಬಹುದು. ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸವನ್ನು ನಮಗೆ ಕಲಿಸಿದ್ದೇ ಬ್ರಿಟಿಷರು ಅಂತ ಒಂದು. ಬಾದಾಮಿಯ ಚಾಲುಕ್ಯ ರಾಜ 900 ವರ್ಷದ ಹಿಂದೆಯೇ ಆಳಸಮುದ್ರದಲ್ಲಿ ಕತ್ತಿ ಮೀನು, ಅಂದರೆ ಸ್ವೋರ್ಡ್‌ಫಿಶ್ ಹಿಡಿಯೋದನ್ನು ಬರೆದಿದ್ದ ಅಂತ ಇನ್ನೊಂದು. ಬಾದಾಮಿ ಪಕ್ಕದ ನಮ್ಮ ಕೆರೂರಿನವರಿಗೆ ಎರಡನೆಯದನ್ನು ಓದಿದ ಕೂಡಲೇ ಎದೆ ಉಬ್ಬುತ್ತದೆ, ಬೆರಳು ತಾನಾಗಿ ಫಾರ್ವರ್ಡ್ ಒತ್ತುತ್ತದೆ. ಒಂದು ನಿಮಿಷ ತಡೆಯಿರಿ. ಎರಡೂ ಪೂರ್ತಿ ನಿಜವಲ್ಲ. ನಿಜ ಸಂಗತಿ ಇವೆರಡಕ್ಕಿಂತ ಚೆನ್ನಾಗಿದೆ.

ಯಾರು ಆ ರಾಜ?

ಆತ ಮೂರನೇ ಸೋಮೇಶ್ವರ. ಬಾದಾಮಿಯಿಂದ ಆಳಿದವನಲ್ಲ. ಬಾದಾಮಿ ಚಾಲುಕ್ಯರ ಆಳ್ವಿಕೆ 8ನೇ ಶತಮಾನದಲ್ಲೇ ಮುಗಿದಿತ್ತು. ತಾವು ಅದೇ ವಂಶದವರೆಂದು ಹೇಳಿಕೊಂಡ ಕಲ್ಯಾಣದ ಚಾಲುಕ್ಯರು 973ರಲ್ಲಿ ಅಧಿಕಾರಕ್ಕೆ ಬಂದರು. ಅವರ ರಾಜಧಾನಿಯೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಸುಮಾರು 50 ವರ್ಷ ಆಳಿದ ಆರನೇ ವಿಕ್ರಮಾದಿತ್ಯನ ಮಗ ಈ ಸೋಮೇಶ್ವರ. 1126ರ ಸುಮಾರಿಗೆ ಪಟ್ಟಕ್ಕೆ ಬಂದ ಆತನಿಗೆ ಭೂಲೋಕಮಲ್ಲ ಎಂಬ ಬಿರುದಿತ್ತು. ಆದರೆ ಹೆಚ್ಚು ಒಪ್ಪುವ ಬಿರುದು ಇನ್ನೊಂದು: ಸರ್ವಜ್ಞ ಚಕ್ರವರ್ತಿ.

ಪಟ್ಟವೇನೋ ಸುಖದ್ದಾಗಿರಲಿಲ್ಲ. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ಸ್ವತಂತ್ರನಾಗಲು ಹವಣಿಸುತ್ತಿದ್ದ. ಪೂರ್ವದ ವೆಂಗಿ ಚೋಳರ ಪಾಲಾಯಿತು. ಇದರ ನಡುವೆಯೇ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ಇದಕ್ಕೆ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಹೆಸರೂ ಇದೆ. ಐದು ಭಾಗ, ಭಾಗಕ್ಕೆ 20ರಂತೆ ಒಟ್ಟು 100 ಅಧ್ಯಾಯ. ರಾಜ್ಯಭಾರ, ಆನೆ, ರತ್ನ, ಚಿತ್ರಕಲೆ, ಸಂಗೀತ, ಅಡುಗೆ ಎಲ್ಲವೂ ಅದರಲ್ಲಿವೆ. ದೋಸೆ, ವಡೆಯ ಹಳೆಯ ರೂಪಗಳ ಬಗ್ಗೆ ಮಾತು ಬಂದಾಗಲೂ ಇದೇ ಪುಸ್ತಕ ನೆನಪಾಗುತ್ತದೆ.

ಗಾಳದ ಬಗ್ಗೆ ಏನಿದೆ?

ಪುಸ್ತಕದಲ್ಲಿ 'ಮತ್ಸ್ಯವಿನೋದ' ಎಂಬ ಒಂದು ಭಾಗವಿದೆ. ಸುಮಾರು 35 ಬಗೆಯ ಮೀನುಗಳ ಹೆಸರಿವೆ. ಕಡಲಿನದೋ ಸಿಹಿನೀರಿನದೋ, ಹುರುಪೆ ಇದೆಯೋ ಇಲ್ಲವೋ, ದೊಡ್ಡದೋ ಸಣ್ಣದೋ ಎಂದು ವಿಂಗಡಿಸಿದ್ದಾನೆ. ಯಾವ ಮೀನಿಗೆ ಯಾವ ತಿನಿಸು ಹಾಕಬೇಕು, ಗಾಳದ ಕೋಲು, ದಾರ, ಕೊಕ್ಕೆ ಹೇಗಿರಬೇಕು ಎಂಬ ವಿವರವೂ ಇದೆ. ಮೊದಲು ತಿನಿಸು ಹಾಕಿ ಮೀನಿಗೆ ಆ ಜಾಗ ರೂಢಿ ಮಾಡಿಸಬೇಕು, ಆಮೇಲೆ ಗಾಳ. ಮೀನಿನ ಸ್ವಭಾವ ತಿಳಿಯದೆ ಬೇಟೆಯಿಲ್ಲ ಅನ್ನೋದೇ ಇದರ ತಿರುಳು.

ಹಾಗಾಗಿ ಮೊದಲ ಫಾರ್ವರ್ಡ್ ಸುಳ್ಳು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ಗಾಳದ ಬಗ್ಗೆ ಹೆಸರಾಂತ ಇಂಗ್ಲಿಷ್ ಪುಸ್ತಕ ಹೊರತಂದದ್ದು 1873ರಲ್ಲಿ. ಸೋಮೇಶ್ವರ ಅವನಿಗಿಂತ 700ಕ್ಕೂ ಹೆಚ್ಚು ವರ್ಷ ಹಿಂದಿನವನು.

ಹಾಗಾದರೆ ಕತ್ತಿ ಮೀನು?

ಪಟ್ಟಿಯಲ್ಲಿ ಕಡಲ ಮೀನುಗಳಿವೆ ಎಂದಮಾತ್ರಕ್ಕೆ ಅದು ಆಳಸಮುದ್ರದ ಬೇಟೆಯಾಗುವುದಿಲ್ಲ. ಕತ್ತಿ ಮೀನು ಹಗಲಲ್ಲಿ ಸಾಮಾನ್ಯವಾಗಿ 500 ಮೀಟರ್‌ಗೂ ಆಳದ ಕತ್ತಲಲ್ಲಿ ಇರುತ್ತದೆ. ರಾತ್ರಿ ತಿನಿಸು ಹುಡುಕುತ್ತಾ ಮೇಲೆ ಬರುತ್ತದೆ. ನೂರಾರು ಕೆಜಿ ತೂಗಬಲ್ಲದು. ಅದಕ್ಕೇ ಇಂದಿನವರು ಹಗಲು ಭಾರ ಕಟ್ಟಿ ಗಾಳವನ್ನು ಆಳಕ್ಕೆ ಇಳಿಸುತ್ತಾರೆ, ರಾತ್ರಿ ದಾರಕ್ಕೆ ಪುಟ್ಟ ದೀಪ ಸಿಕ್ಕಿಸಿ ಮೇಲ್ಮಟ್ಟದಲ್ಲೇ ಬಿಡುತ್ತಾರೆ. ಇದಕ್ಕೆ ಗಟ್ಟಿ ಕೃತಕ ದಾರ, ದೊಡ್ಡ ರೀಲ್, ಯಂತ್ರದ ದೋಣಿ ಬೇಕು. ತಿನಿಸು ಹಾಕಿ ಮೀನನ್ನು ಹತ್ತಿರಕ್ಕೆ ರೂಢಿ ಮಾಡಿಸುವ ಅರಮನೆಯ ವಿನೋದವೇ ಬೇರೆ, ಇದೇ ಬೇರೆ. ಮೀನಿನ ದಿನಚರಿ ಅರಿತು ಗಾಳ ಹಾಕಬೇಕು ಎಂಬ ಬುದ್ಧಿ ಮಾತ್ರ ಎರಡಕ್ಕೂ ಒಂದೇ.

ಆಮೇಲೆ ಏನಾಯಿತು?

1138ರಲ್ಲಿ ಸೋಮೇಶ್ವರನ ಆಳ್ವಿಕೆ ಮುಗಿಯಿತು. ಇಪ್ಪತ್ತು ವರ್ಷ ಕಳೆಯುವುದರೊಳಗೆ ಕಲ್ಯಾಣ ಕಳಚುರಿ ಬಿಜ್ಜಳನ ಕೈಸೇರಿತು. ರಾಜ್ಯ ಹೋಯಿತು, ಪುಸ್ತಕ ಉಳಿಯಿತು. 1925ರಿಂದ ಬರೋಡಾದಲ್ಲಿ ಸಂಪುಟಗಳಾಗಿ ಅಚ್ಚಾಯಿತು. ಪ್ರಾಣಿವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಮೀನಿನ ಭಾಗವನ್ನು ವಿಜ್ಞಾನಿಯ ಕಣ್ಣಿಂದ ಓದಿ ಲೇಖನ ಬರೆದರು.

ಇಷ್ಟು ನಿಜವೇ ನಮ್ಮ ಹೆಮ್ಮೆಗೆ ಸಾಕು. ಅದಕ್ಕೆ ಕತ್ತಿ ಮೀನಿನ ಬಾಲ ಅಂಟಿಸಿದರೆ, ಸುಳ್ಳು ಹಿಡಿದವರು ನಿಜವನ್ನೂ ನಂಬದೇ ಹೋಗುತ್ತಾರೆ. ಮುಂದಿನ ಸಲ ಆ ಮೆಸೇಜ್ ಬಂದರೆ ಬಾದಾಮಿ ಅನ್ನೋದನ್ನು ಕಲ್ಯಾಣ ಎಂದು ತಿದ್ದಿ, ಕತ್ತಿ ಮೀನನ್ನು ತೆಗೆದುಹಾಕಿ, ಸೋಮೇಶ್ವರನ ಹೆಸರು ಸೇರಿಸಿ ಕಳಿಸಿ.