ಕೆನೆತ್ ಆಂಡರ್ಸನ್ ಬಳಿ ದೂರ ಅಳೆಯುವ ಬೈನಾಕ್ಯುಲರ್ ಇತ್ತೇ?

ಬೆಂಗಳೂರಿನ ದಕ್ಷಿಣ ಅಂಚಿನಲ್ಲಿ ಚಿರತೆ ಕಾಣಿಸಿದೆ ಎಂಬ ಫಾರ್ವರ್ಡ್ ಬಂದರೆ ತಲಘಟ್ಟಪುರ, ತುರಹಳ್ಳಿ ಸುತ್ತಮುತ್ತಲಿನ ಓದುಗರಿಗೆ ಆಂಡರ್ಸನ್ ನೆನಪಾಗುವುದು ಸಹಜ. ಇತ್ತ ಬೇಟೆಗೆಂದೇ ಮಾಡಿದ, ದೂರ ಅಳೆಯುವ ಪುಟ್ಟ ಬೈನಾಕ್ಯುಲರ್‌ಗಳ ಜಾಹೀರಾತೂ ಫೋನಿಗೆ ಬರುತ್ತದೆ. ಎರಡನ್ನೂ ಬೆರೆಸುವ ಮೊದಲು ಸಂಗತಿ ಏನೆಂದು ನೋಡೋಣ.

ಯಾರು ಈ ಆಂಡರ್ಸನ್?

1910ರಲ್ಲಿ ಹೈದರಾಬಾದಿನ ಬೊಲಾರಂನಲ್ಲಿ ಹುಟ್ಟಿದ ಅವರು ಸ್ಕಾಟಿಷ್ ಮೂಲದವರು. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಮುಂದೆ ಇಲ್ಲಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಬಿಡುವು ಸಿಕ್ಕರೆ ಕಾಡು. ನರಭಕ್ಷಕ ಹುಲಿ, ಚಿರತೆಗಳ ಬೇಟೆಯ ಅನುಭವಗಳನ್ನು ಬರೆದರು. ಮೊದಲ ಪುಸ್ತಕ ಬಂದದ್ದು 1954ರಲ್ಲಿ. ಕನ್ನಡಿಗರಿಗೆ ಅವರು ಹತ್ತಿರವಾದದ್ದು ಪೂರ್ಣಚಂದ್ರ ತೇಜಸ್ವಿಯವರ ಕಾಡಿನ ಕತೆಗಳ ಮೂಲಕ. ಜಾಲಹಳ್ಳಿಯ ಕುರ್ಕ, ಮಾಗಡಿಯ ಚಿರತೆ ಯಾರಿಗೆ ಗೊತ್ತಿಲ್ಲ? 1974ರಲ್ಲಿ ಅವರು ತೀರಿಕೊಂಡರು.

ದೂರವನ್ನು ಹೇಗೆ ಅಳೆಯುತ್ತಿದ್ದರು?

ಕಣ್ಣಳತೆಯಲ್ಲಿ. ಮೊದಲ ಲೇಸರ್ ಬೆಳಗಿದ್ದೇ 1960ರಲ್ಲಿ. ಕೈಯಲ್ಲಿ ಹಿಡಿಯುವ ಲೇಸರ್ ದೂರಮಾಪಕ ಸಾಮಾನ್ಯರಿಗೆ ಸಿಕ್ಕಿದ್ದು ಆಂಡರ್ಸನ್ ಕಾಲದ ನಂತರ. ಅವರಿಗೆ ಅದರ ಅಗತ್ಯವೂ ಅಷ್ಟಾಗಿ ಇರಲಿಲ್ಲ. ಮಚಾನಿನ ಮೇಲೆ ರಾತ್ರಿಯಿಡೀ ಕುಳಿತು, .405 ವಿಂಚೆಸ್ಟರ್ ರೈಫಲ್‌ಗೆ ಕಟ್ಟಿದ ಟಾರ್ಚ್ ಬೆಳಕಿನಲ್ಲಿ ಗುರಿಯಿಡುವಾಗ ಪ್ರಾಣಿ ಕೆಲವೇ ಮೀಟರ್ ದೂರದಲ್ಲಿ ಇರುತ್ತಿತ್ತು. ಹೆಜ್ಜೆ ಗುರುತು, ಮಂಗ ಮತ್ತು ಜಿಂಕೆಗಳ ಎಚ್ಚರಿಕೆಯ ಕೂಗು, ಹಳ್ಳಿಯವರ ಮಾಹಿತಿ: ಇವೇ ಅವರ ಉಪಕರಣಗಳು.

ಯಂತ್ರ ಕೆಲಸ ಮಾಡುವುದು ಹೇಗೆ?

ಕಣ್ಣಿಗೆ ಕಾಣದ ಲೇಸರ್ ಮಿಡಿತ ಹೋಗಿ ವಸ್ತುವಿಗೆ ತಾಗಿ ಮರಳುವ ಸಮಯವನ್ನು ಇದು ಲೆಕ್ಕ ಹಾಕುತ್ತದೆ. 150 ಮೀಟರ್ ದೂರದ ವಸ್ತುವಿಗೆ ಹೋಗಿ ಬರಲು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ಸಾಕು. ಬಯಲಿನಲ್ಲಿ ಇದು ನಿಖರ. ನಮ್ಮ ಕುರುಚಲು ಕಾಡಿನಲ್ಲಿ ಮಿಡಿತ ಮುಂದಿನ ಎಲೆಗೇ ತಾಗಿ ಮರಳಿದರೆ ಪರದೆ ತೋರಿಸುವುದು ಎಲೆಯ ದೂರವನ್ನು, ಪ್ರಾಣಿಯದ್ದನ್ನಲ್ಲ. ಮುಂದಿನ ಅಡ್ಡಿಯನ್ನು ಬಿಟ್ಟು ಹಿಂದಿನದನ್ನು ಅಳೆಯುವ ಸೌಲಭ್ಯ ಕೆಲವು ಮಾದರಿಗಳಲ್ಲಿದೆ.

ಕೊಳ್ಳುವುದಾದರೆ?

ಹಕ್ಕಿ ನೋಡಲು, ಚಾರಣಕ್ಕೆ ಕೊಳ್ಳಬಹುದು. 8x32 ಎಂದರೆ 8 ಪಟ್ಟು ಹಿಗ್ಗುವಿಕೆ, 32 ಮಿ.ಮೀ. ಮುಂಗಾಜು. 32 ಅನ್ನು 8ರಿಂದ ಭಾಗಿಸಿದರೆ 4. ಇದು ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ, ಮಿಲಿಮೀಟರಿನಲ್ಲಿ. ಈ ಸಂಖ್ಯೆ ಹೆಚ್ಚಿದಷ್ಟೂ ಮುಂಜಾನೆ, ಮುಸ್ಸಂಜೆಯಲ್ಲಿ ಅನುಕೂಲ. ತೀರಾ ಪುಟ್ಟ ಮಾದರಿ ಇಲ್ಲಿಯೇ ಸೋಲುತ್ತದೆ. ಲೇಸರ್ ಕಣ್ಣಿಗೆ ಸುರಕ್ಷಿತವಾದ ಒಂದನೇ ದರ್ಜೆಯದೇ ಎಂದೂ ನೋಡಿ.

ಬೇಟೆಗೆ ಬಳಸಬಹುದೇ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಂರಕ್ಷಿತ ಪ್ರಾಣಿಯ ಬೇಟೆ ಮಾತ್ರವಲ್ಲ, ಬೇಟೆಯ ಯತ್ನವೂ ಅಪರಾಧ. ಹುಲಿ, ಚಿರತೆಯಾದರೆ ಕನಿಷ್ಠ 3 ವರ್ಷ ಜೈಲು. ನರಭಕ್ಷಕ ಎಂದಾದರೂ ನಿರ್ಧಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರದ್ದು, ವಾಟ್ಸ್‌ಆ್ಯಪ್ ಗ್ರೂಪಿನದ್ದಲ್ಲ. ಆಂಡರ್ಸನ್ ಕಾಲದ ಪರವಾನಗಿ ಬೇಟೆ ಈಗ ಪುಸ್ತಕದಲ್ಲಿ ಮಾತ್ರ.

ಚಿರತೆ ಕಂಡರೆ ಹಿಂಬಾಲಿಸಬೇಡಿ, ಗುಂಪು ಸೇರಬೇಡಿ. ಅರಣ್ಯ ಇಲಾಖೆಗೆ ತಿಳಿಸಿ. ಬೈನಾಕ್ಯುಲರ್ ಹೇಳುವ ಮೀಟರ್‌ಗಳು ನೀವು ಇನ್ನಷ್ಟು ಹಿಂದೆ ಸರಿಯಬೇಕೇ ಎಂದು ತಿಳಿಯಲು ಮಾತ್ರ ಉಪಯೋಗವಾಗಲಿ.