ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಗಿಡುಗ: ವಿಜಯಪುರದ ರಾಣಿ ಚಾಂದ್ ಬೀಬಿಯ ದಿಟ್ಟ ಬದುಕು

ಕುದುರೆ ಸವಾರಿ ಕಲಿಯಲು ಹೋದವರಿಗೆ ಸಿಗುವ ಮೊದಲ ಪಾಠಗಳಲ್ಲಿ ಇದೂ ಒಂದು: ಸವಾರನ ಮನಸ್ಸು ಅಳುಕಿದರೆ ಅದು ಕುದುರೆಗೆ ತಿಳಿದುಬಿಡುತ್ತದೆ. ಬಲಕ್ಕೋ ಎಡಕ್ಕೋ ಎಂದು ಕ್ಷಣಕಾಲ ಅನುಮಾನಿಸಿದರೂ ಸಾಕು, ಕುದುರೆ ನಿಂತುಬಿಡುತ್ತದೆ ಇಲ್ಲವೇ ತನಗೆ ತೋಚಿದ ಕಡೆ ಹೊರಡುತ್ತದೆ. ಸುಮಾರು 450 ವರ್ಷಗಳ ಹಿಂದೆ ನಮ್ಮ ವಿಜಯಪುರದ ಅರಮನೆಯಲ್ಲಿ ಈ ಪಾಠವನ್ನು ಚೆನ್ನಾಗಿ ಅರಗಿಸಿಕೊಂಡ ರಾಣಿಯೊಬ್ಬಳಿದ್ದಳು. ಆಕೆಯೇ ಚಾಂದ್ ಬೀಬಿ. ಎರಡು ರಾಜ್ಯಗಳನ್ನು ಅವುಗಳ ಅತ್ಯಂತ ಕಷ್ಟದ ಹೊತ್ತಿನಲ್ಲಿ ನಡೆಸಿದ, ಮೊಘಲ್ ಸೇನೆಯನ್ನು ಕೋಟೆಯ ಗೋಡೆಯ ಬಳಿಯೇ ತಡೆದು ನಿಲ್ಲಿಸಿದ ಈ ರಾಣಿಯ ಕಥೆ ಇಲ್ಲಿದೆ.

ಮದುವೆಯೇ ಒಂದು ಒಪ್ಪಂದ

ಚಾಂದ್ ಬೀಬಿ ಹುಟ್ಟಿದ್ದು 1550ರ ಸುಮಾರಿಗೆ, ಅಹ್ಮದ್‌ನಗರದ ನಿಜಾಮ್ ಶಾಹಿ ಮನೆತನದಲ್ಲಿ. ತಂದೆ ಹುಸೇನ್ ನಿಜಾಮ್ ಶಾ, ತಾಯಿ ಖುಂಜಾ ಹುಮಾಯೂನ್. ಗಂಡನ ಮರಣದ ನಂತರ ಈ ತಾಯಿ ಮಗನ ಹೆಸರಿನಲ್ಲಿ ಕೆಲವು ವರ್ಷ ರಾಜ್ಯವನ್ನೇ ಆಳಿದವಳು. ಹೆಣ್ಣೊಬ್ಬಳು ಆಡಳಿತ ನಡೆಸುವುದು ಚಾಂದ್ ಬೀಬಿಗೆ ತವರಿನಲ್ಲೇ ಕಂಡ ಸಂಗತಿಯಾಗಿತ್ತು.

ವಿಜಯನಗರದ ವಿರುದ್ಧ ಒಂದಾಗಲು ದಖ್ಖನ್ನಿನ ಸುಲ್ತಾನರು ಮದುವೆಯ ನಂಟು ಬೆಳೆಸಿದ ಕಾಲವದು. ಚಾಂದ್ ಬೀಬಿಯನ್ನು ವಿಜಯಪುರದ ಒಂದನೇ ಅಲಿ ಆದಿಲ್ ಶಾಗೆ ಕೊಟ್ಟು ಮದುವೆ ಮಾಡಲಾಯಿತು. ಎರಡೂ ರಾಜ್ಯಗಳು ವರ್ಷಗಟ್ಟಲೆ ಕಿತ್ತಾಡಿದ್ದ ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು. ಅಲಿಯ ಸೋದರಿಯನ್ನು ಚಾಂದ್ ಬೀಬಿಯ ಸೋದರ ಮುರ್ತಜಾಗೆ ಕೊಡಲಾಯಿತು. ಈ ಮೈತ್ರಿಯೇ 1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧದ ಫಲಿತಾಂಶವನ್ನು ಬರೆಯಿತು. ಮದುವಣಗಿತ್ತಿಗೆ ಆಗಿನ್ನೂ ಸುಮಾರು 14 ವರ್ಷ.

ಸವಾರಿ, ಬೇಟೆ ಮತ್ತು ಕನ್ನಡ

ವಿಜಯಪುರಕ್ಕೆ ಬಂದ ಚಾಂದ್ ಬೀಬಿ ಅಂತಃಪುರಕ್ಕೆ ಸೀಮಿತವಾಗಿ ಉಳಿಯಲಿಲ್ಲ. ಗಂಡನ ಜೊತೆ ಬೇಟೆಗೂ ದಂಡಯಾತ್ರೆಗೂ ಕುದುರೆಯೇರಿ ಹೋಗುತ್ತಿದ್ದಳು ಎಂದು ಇತಿಹಾಸಕಾರರು ಹೇಳುತ್ತಾರೆ. ಅರಬ್ಬಿ, ಫಾರ್ಸಿ, ತುರ್ಕಿ ಭಾಷೆಗಳ ಜೊತೆ ಮರಾಠಿಯೂ ಕನ್ನಡವೂ ಆಕೆಗೆ ಬರುತ್ತಿದ್ದವು. ಆಸ್ಥಾನದ ಭಾಷೆ ಬೇರೆ, ಊರಿನ ಜನರ ಭಾಷೆ ಬೇರೆ ಇದ್ದ ರಾಜ್ಯದಲ್ಲಿ ಇದು ಸಣ್ಣ ವಿಷಯವಲ್ಲ.

ದಖ್ಖನ್ನಿನ ಕಲಾವಿದರು ಆಕೆಯನ್ನು ನೆನಪಿಟ್ಟುಕೊಂಡಿದ್ದು ಕೂಡ ಸವಾರಳಾಗಿಯೇ. ಆಕೆ ಸತ್ತು ನೂರು ವರ್ಷ ಕಳೆದ ಮೇಲೆ ಬರೆದ ಚಿತ್ರಗಳಲ್ಲೂ ಚಾಂದ್ ಬೀಬಿ ಓಡುವ ಕುದುರೆಯ ಮೇಲೆ ಗಿಡುಗದೊಂದಿಗೆ ಬೇಟೆಗೆ ಹೊರಟಿದ್ದಾಳೆ. ಅಂಥ ಒಂದು ಚಿತ್ರ ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

ಗಿಡುಗ ಹಿಡಿದು ಬೇಟೆಯಾಡುವುದು ಸವಾರಿಯಲ್ಲೇ ಕಠಿಣವಾದ ವಿದ್ಯೆ. ಒಂದು ಕೈಯನ್ನು ಪೂರ್ತಿ ಹಕ್ಕಿಗೆ ಬಿಟ್ಟುಕೊಡಬೇಕು. ಲಗಾಮಿಗೆ ಉಳಿಯುವುದು ಇನ್ನೊಂದೇ ಕೈ. ಹಾಗಾಗಿ ಕುದುರೆಯನ್ನು ನಡೆಸುವ ಕೆಲಸ ಬಹುಪಾಲು ತೊಡೆ, ಮೊಣಕಾಲು ಮತ್ತು ಮೈಯ ತೂಕದ ಮೇಲೆ ಬೀಳುತ್ತದೆ. ಬೇಟೆ ಕಂಡ ಕೂಡಲೇ ಹಕ್ಕಿಯನ್ನು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸಬೇಕು, ಬಿಟ್ಟ ಮೇಲೆ ಆಕಾಶದತ್ತ ಒಂದು ಕಣ್ಣು, ನೆಲದ ಹಳ್ಳ ದಿಣ್ಣೆಗಳತ್ತ ಒಂದು ಕಣ್ಣು ಇಟ್ಟುಕೊಂಡೇ ಹಿಂಬಾಲಿಸಬೇಕು. ತಡವಾಗಿ ತೆಗೆದುಕೊಂಡ ನಿರ್ಧಾರಕ್ಕೆ ಅಲ್ಲಿ ಬೆಲೆಯಿಲ್ಲ. ಮುಂದೆ ಚಾಂದ್ ಬೀಬಿ ಎದುರಿಸಿದ ಸಂದರ್ಭಗಳೂ ಹೆಚ್ಚುಕಡಿಮೆ ಹೀಗೇ ಇದ್ದವು.

ಒಂಬತ್ತು ವರ್ಷದ ಹುಡುಗನ ಹಿಂದೆ ನಿಂತವಳು

1580ರಲ್ಲಿ ಅಲಿ ಆದಿಲ್ ಶಾ ಕೊಲೆಯಾದ. ಮಕ್ಕಳಿರಲಿಲ್ಲ. ಸುಮಾರು ಒಂಬತ್ತು ವರ್ಷದ ಸೋದರನ ಮಗ ಇಬ್ರಾಹಿಂ ಸಿಂಹಾಸನವೇರಿದ. ಹುಡುಗನನ್ನು ನೋಡಿಕೊಳ್ಳುವ ಹೊಣೆ ಚಾಂದ್ ಬೀಬಿಯದಾಯಿತು, ಆಡಳಿತದ ಹೊಣೆ ಕಾಮಿಲ್ ಖಾನ್ ಎಂಬ ಸರದಾರನ ಕೈಸೇರಿತು. ಆತ ಮೇರೆ ಮೀರಿದಾಗ ಕಿಶ್ವರ್ ಖಾನ್ ಎಂಬ ಇನ್ನೊಬ್ಬ ಸರದಾರನ ನೆರವಿನಿಂದ ಆತನನ್ನು ಕೆಳಗಿಳಿಸಿದಳು. ಆದರೆ ಕಿಶ್ವರ್ ಖಾನ್ ಇನ್ನೂ ದೊಡ್ಡ ಅಪಾಯವಾದ. ರಾಣಿಯನ್ನೇ ಸೆರೆಹಿಡಿದು ಸಾತಾರಾ ಕೋಟೆಗೆ ಕಳುಹಿಸಿದ. ಜನ ಮತ್ತು ಹಬಶಿ ಸರದಾರರು ತಿರುಗಿಬಿದ್ದ ಮೇಲೆ ಆತ ಓಡಿಹೋದ, ಚಾಂದ್ ಬೀಬಿ ಗೌರವದಿಂದ ವಿಜಯಪುರಕ್ಕೆ ಮರಳಿದಳು.

ಒಳಜಗಳದ ಸುದ್ದಿ ನೆರೆಯವರಿಗೆ ಮುಟ್ಟಲು ತಡವಾಗಲಿಲ್ಲ. ಅಹ್ಮದ್‌ನಗರ ಮತ್ತು ಗೋಲ್ಕೊಂಡದ ಸೇನೆಗಳು ಸೇರಿ ವಿಜಯಪುರಕ್ಕೆ ಮುತ್ತಿಗೆ ಹಾಕಿದವು. ಒಂದು ಆಕೆಯ ತವರು, ಇನ್ನೊಂದು ಇಂದಿನ ಹೈದರಾಬಾದ್‌ನ ಮಿಯಾಪುರದಿಂದ ಹೆಚ್ಚು ದೂರವಿಲ್ಲದ ಗೋಲ್ಕೊಂಡ ಕೋಟೆಯಿಂದ ಬಂದ ದಂಡು. ಕೋಟೆಯೊಳಗಿನ ಸೈನ್ಯ ಸಾಲದು ಎಂದು ಕಂಡಾಗ ಅಧಿಕಾರ ಹಿಡಿದಿದ್ದ ಹಬಶಿ ಸರದಾರರು ಪಕ್ಕಕ್ಕೆ ಸರಿದು, ರಾಣಿಯ ಮಾತಿಗೆ ಒಪ್ಪಿದರು. ಆಕೆ ಆರಿಸಿದ ಅಬುಲ್ ಹಸನ್, ಕರ್ನಾಟಕ ಸೀಮೆಯಲ್ಲಿದ್ದ ಮರಾಠಾ ಕುದುರೆ ಪಡೆಗಳನ್ನು ಕರೆಸಿದ. ಅವರು ಕೋಟೆಯ ಎದುರು ಕಾದಲಿಲ್ಲ. ಮುತ್ತಿಗೆ ಹಾಕಿದವರಿಗೆ ಬರುತ್ತಿದ್ದ ದವಸ ಧಾನ್ಯದ ದಾರಿಯನ್ನೇ ಕತ್ತರಿಸಿದರು. ಹಸಿದ ಸೇನೆ ಹಿಂದೆ ಸರಿಯಿತು.

ಈ ಹುಡುಗ ಇಬ್ರಾಹಿಂನೇ ಮುಂದೆ ಸಂಗೀತ, ಸಾಹಿತ್ಯಕ್ಕೆ ಹೆಸರಾದ ಎರಡನೇ ಇಬ್ರಾಹಿಂ ಆದಿಲ್ ಶಾ. ಆತನ ಸಮಾಧಿಯಾದ ಇಬ್ರಾಹಿಂ ರೋಜಾವನ್ನು ವಿಜಯಪುರಕ್ಕೆ ಹೋದವರೆಲ್ಲ ನೋಡಿಯೇ ಇರುತ್ತಾರೆ.

ಮೊಘಲರ ಮುಂದೆ ಅಹ್ಮದ್‌ನಗರ

ಕೆಲವು ವರ್ಷಗಳ ಬಳಿಕ ಚಾಂದ್ ಬೀಬಿ ತವರಿಗೆ ಹೋದಳು. 1595ರಲ್ಲಿ ಅಲ್ಲಿಯ ಸುಲ್ತಾನ ಇಬ್ರಾಹಿಂ ನಿಜಾಮ್ ಶಾ ವಿಜಯಪುರದ ಸೇನೆಯ ವಿರುದ್ಧದ ಕಾಳಗದಲ್ಲಿ ಸತ್ತ. ಮುಂದಿನ ಸುಲ್ತಾನ ಯಾರು ಎಂಬ ಜಗಳ ಶುರುವಾಯಿತು. ಮಿಯಾನ್ ಮಂಜು ಎಂಬ ಮಂತ್ರಿ ತನ್ನ ಎದುರಾಳಿಗಳನ್ನು ಮಣಿಸಲು ಅಕ್ಬರನ ಮಗ ಮುರಾದ್‌ನಿಗೆ ಆಹ್ವಾನ ಕಳುಹಿಸಿದ. ಮೊಘಲರು ಬಂದೇಬಿಟ್ಟಾಗ ಪಶ್ಚಾತ್ತಾಪಪಟ್ಟು, ಕೋಟೆ ಬಿಟ್ಟು ಹೊರಟುಹೋದ.

ಚಾಂದ್ ಬೀಬಿ ಅಧಿಕಾರ ಕೈಗೆತ್ತಿಕೊಂಡಳು. ಸೋದರನ ಮೊಮ್ಮಗ, ಪುಟ್ಟ ಮಗು ಬಹಾದೂರ್‌ನನ್ನು ಸುಲ್ತಾನ ಎಂದು ಸಾರಿದಳು. ವಿಜಯಪುರಕ್ಕೂ ಗೋಲ್ಕೊಂಡಕ್ಕೂ ನೆರವು ಕೋರಿ ಜನ ಕಳುಹಿಸಿದಳು. ಕೆಲವೇ ತಿಂಗಳ ಹಿಂದೆ ಅಹ್ಮದ್‌ನಗರದ ಜೊತೆ ಕಾದಾಡಿದ್ದ ವಿಜಯಪುರ ಈಗ ಒಪ್ಪಿಕೊಂಡಿತು. ಅಲ್ಲಿ ಆಳುತ್ತಿದ್ದವನು ಆಕೆ ಬೆಳೆಸಿದ ಹುಡುಗ. ಹಿಂದೆ ಮುತ್ತಿಗೆ ಹಾಕಿದ್ದ ಗೋಲ್ಕೊಂಡದಿಂದಲೂ ಪಡೆ ಹೊರಟಿತು. ಅಲ್ಲಿಯ ದೊರೆ, 1591ರಲ್ಲಿ ಹೈದರಾಬಾದ್ ನಗರ ಕಟ್ಟಿದ ಮುಹಮ್ಮದ್ ಕುಲಿ ಕುತುಬ್ ಶಾ.

ನೆರವು ಬರುವ ಮುನ್ನವೇ ಕೋಟೆ ಗೆಲ್ಲಬೇಕೆಂದು ಮೊಘಲರು ಗೋಡೆಯ ಕೆಳಗೆ ಸುರಂಗ ತೋಡಿ ಮದ್ದು ತುಂಬಿದರು. ಅವರ ಪಾಳೆಯದಿಂದಲೇ ಒಬ್ಬ ಈ ಗುಟ್ಟನ್ನು ಕೋಟೆಯವರಿಗೆ ತಿಳಿಸಿದ. ಚಾಂದ್ ಬೀಬಿಯ ಜನ ಒಳಗಿನಿಂದ ಅಗೆಯುತ್ತಾ ಎರಡು ಸುರಂಗಗಳ ಮದ್ದನ್ನು ತೆಗೆದರು. ಇನ್ನೊಂದನ್ನು ಹುಡುಕುವಷ್ಟರಲ್ಲಿ ಅದು ಸಿಡಿಯಿತು. 1596ರ ಫೆಬ್ರವರಿಯ ಆ ದಿನ ಗೋಡೆಯ ದೊಡ್ಡ ಭಾಗ ಕುಸಿದು ಬಿತ್ತು. ಸರದಾರರೇ ಓಡಲು ಸಿದ್ಧರಾದರು.

ಆಗ ರಕ್ಷಾಕವಚ ತೊಟ್ಟು, ಮುಖಕ್ಕೆ ಪರದೆ ಹಾಕಿಕೊಂಡು, ಬಿಚ್ಚುಗತ್ತಿ ಹಿಡಿದ ಚಾಂದ್ ಬೀಬಿ ಗೋಡೆ ಒಡೆದ ಜಾಗಕ್ಕೇ ಬಂದು ನಿಂತಳು. ಓಡುತ್ತಿದ್ದವರು ತಿರುಗಿ ಬಂದರು. ತೋಪುಗಳನ್ನು ಅಲ್ಲಿಗೇ ತಂದು ಸಂಜೆಯವರೆಗೆ ಮೊಘಲರ ದಾಳಿಯನ್ನು ತಡೆದರು. ಕತ್ತಲಾದ ಮೇಲೆ ಆಕೆಯ ಕಣ್ಣೆದುರೇ ಗೋಡೆ ಮತ್ತೆ ಎದ್ದಿತು. ಬೆಳಗಾದಾಗ ನುಗ್ಗಲು ದಾರಿ ಇರಲಿಲ್ಲ. ಗುಂಡುಗಳು ಮುಗಿದಾಗ ಚಿನ್ನ ಬೆಳ್ಳಿಯನ್ನೇ ಕರಗಿಸಿ ತೋಪಿಗೆ ತುಂಬಿಸಿದಳು ಎಂಬ ದಂತಕಥೆ ಇಂದಿಗೂ ಜನಜನಿತ.

ಗೆದ್ದ ಮೇಲೂ ಬಿಟ್ಟುಕೊಟ್ಟಳು

ಹೆಚ್ಚಿನವರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಚಾಂದ್ ಬೀಬಿಯ ನಿರ್ಧಾರ ಶಕ್ತಿ ಎಂಥದು ಎಂಬುದು ಗೊತ್ತಾಗುವುದು ಅನಂತರ. ಕೋಟೆಯೊಳಗೆ ಆಹಾರ ಕಡಿಮೆಯಾಗುತ್ತಿತ್ತು, ಹೊರಗೆ ಮೊಘಲ್ ಸೇನಾನಿಗಳಲ್ಲಿ ಒಡಕಿತ್ತು, ವಿಜಯಪುರದ ಸುಹೈಲ್ ಖಾನ್ ದಂಡಿನೊಂದಿಗೆ ಹತ್ತಿರವಾಗುತ್ತಿದ್ದ. ಇಬ್ಬರಿಗೂ ಸಂಧಿ ಬೇಕಿತ್ತು. ಬೇರಾರ್ ಪ್ರಾಂತ್ಯವನ್ನು ಮೊಘಲರಿಗೆ ಬಿಟ್ಟುಕೊಡಲು ಆಕೆ ಒಪ್ಪಿದಳು. ಬದಲಿಗೆ ಅಹ್ಮದ್‌ನಗರ ಉಳಿಯಿತು, ಬಹಾದೂರ್ ಸುಲ್ತಾನನೆಂದು ಮಾನ್ಯನಾದ, ಮುತ್ತಿಗೆ ತೆರವಾಯಿತು. ಒಂದು ಪ್ರಾಂತ್ಯ ಕಳೆದುಕೊಂಡು ರಾಜ್ಯ ಉಳಿಸುವ ಈ ತೀರ್ಮಾನಕ್ಕೆ, ಬಿಚ್ಚುಗತ್ತಿ ಹಿಡಿದು ನಿಲ್ಲುವುದಕ್ಕಿಂತ ಕಡಿಮೆ ಧೈರ್ಯ ಬೇಕಿರಲಿಲ್ಲ.

ಶಾಂತಿ ಬಹುಕಾಲ ಬಾಳಲಿಲ್ಲ. ಸರದಾರರು ಮತ್ತೆ ಕಚ್ಚಾಡಿದರು, ಆಕೆಯ ಮಾತು ಮೀರಿ ಮೊಘಲರನ್ನು ಕೆಣಕಿದರು. ಈ ಬಾರಿ ಅಕ್ಬರನ ಇನ್ನೊಬ್ಬ ಮಗ ದಾನಿಯಾಲ್ ಬಂದ. ಹೊರಗಿನ ನೆರವು ಬರುವ ಸೂಚನೆ ಇರಲಿಲ್ಲ. ಕೋಟೆ ಒಪ್ಪಿಸಿ, ಬಾಲಕ ಸುಲ್ತಾನನ ಜೀವ ಮತ್ತು ಜನರ ಪ್ರಾಣ ಉಳಿಸಿಕೊಳ್ಳುವುದೇ ಸರಿ ಎಂದು ಆಕೆ ನಿಶ್ಚಯಿಸಿದಳು. ಆದರೆ ಆಕೆ ಮೊಘಲರಿಗೆ ಮಾರಿಕೊಂಡಿದ್ದಾಳೆ ಎಂದು ಸ್ವಂತ ಸರದಾರನೇ ಗುಲ್ಲೆಬ್ಬಿಸಿದ. ರೊಚ್ಚಿಗೆದ್ದ ಗುಂಪು ಅರಮನೆಗೆ ನುಗ್ಗಿ ಆಕೆಯನ್ನು ಕೊಂದುಹಾಕಿತು. ಆಗ ಆಕೆಗೆ ಸುಮಾರು 50 ವರ್ಷ.

ಕೋಟೆ 1600ರ ಆಗಸ್ಟ್‌ನಲ್ಲಿ ಮೊಘಲರ ವಶವಾಯಿತು. ಒಳಗಿದ್ದ ಅನೇಕರು ಪ್ರಾಣ ಕಳೆದುಕೊಂಡರು, ಬಹಾದೂರ್ ಗ್ವಾಲಿಯರ್ ಕೋಟೆಯ ಸೆರೆ ಸೇರಿದ. ತಡೆಯಬೇಕೆಂದು ಆಕೆ ಬಯಸಿದ್ದೆಲ್ಲವೂ ನಡೆದುಹೋಯಿತು.

ಇಂದು ಎಲ್ಲಿ ಕಾಣಬಹುದು?

ವಿಜಯಪುರದ ಪೂರ್ವ ಭಾಗದಲ್ಲಿ ಅಲಿ ಆದಿಲ್ ಶಾ ಕಟ್ಟಿಸಿದ ಚಾಂದ್ ಬಾವಡಿ ಆಕೆಯ ಹೆಸರು ಹೊತ್ತಿದೆ. ಅಹ್ಮದ್‌ನಗರದ ಹೊರಗೆ ಬೆಟ್ಟದ ಮೇಲಿರುವ ಕಟ್ಟಡವನ್ನು ಜನ ಚಾಂದ್ ಬೀಬಿ ಮಹಲ್ ಎನ್ನುತ್ತಾರಾದರೂ ಅದು ಅಸಲಿಗೆ ಸಲಾಬತ್ ಖಾನ್ ಎಂಬ ಮಂತ್ರಿಯ ಸಮಾಧಿ. ಆಕೆ ಕಾಯ್ದ ಕೋಟೆ ಈಗಲೂ ಇದೆ. 1942ರಿಂದ ಬ್ರಿಟಿಷರು ನೆಹರೂ ಅವರನ್ನು ಸೆರೆಯಲ್ಲಿಟ್ಟಿದ್ದು ಅಲ್ಲಿಯೇ. ಹೈದರಾಬಾದ್ ನಿಜಾಮರ ಸೇವೆಯಲ್ಲಿದ್ದು, ನಮ್ಮ ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಆಕೆಯ ಕಥೆಯನ್ನೇ ಕಾದಂಬರಿಯಾಗಿಸಿದ.

ವಿಜಯಪುರಕ್ಕೆ ಹೋದಾಗ ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಿ ಮರಳುವವರೇ ಹೆಚ್ಚು. ಮುಂದಿನ ಸಲ ಚಾಂದ್ ಬಾವಡಿಗೂ ಸ್ವಲ್ಪ ಸಮಯ ಕೊಡಿ. ಕನ್ನಡ ಬಲ್ಲ, ಲಗಾಮು ಹಿಡಿಯಬಲ್ಲ, ಬೇಕಾದಾಗ ಅದನ್ನು ಎಳೆದು ನಿಲ್ಲಿಸಲೂ ಬಲ್ಲವಳಾಗಿದ್ದ ಒಬ್ಬ ರಾಣಿಯ ಹೆಸರು ಅಲ್ಲಿದೆ.