ಗೇರ್ ಹಾಕುವ ಕೆಲಸವನ್ನು ಬೆಲ್ಟಿಗೆ ಒಪ್ಪಿಸಿದ ಕಮ್ಮಾರನ ಮಗ

ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆ, ಗುರುವಾಯನಕೆರೆ ಮೂಲಕ ಬೆಳ್ತಂಗಡಿಗೆ ಸಾಗುವ ರಸ್ತೆಯಲ್ಲಾಗಲಿ, ಅಲ್ಲಿಂದ ವೇಣೂರು ದಾಟಿ ಮೂಡುಬಿದಿರೆಗೆ ಹೋಗುವ ಹಾದಿಯಲ್ಲಾಗಲಿ ಸಮತಟ್ಟಾದ ನೆಲ ಅಪರೂಪ. ಏರು ಮುಗಿಯುವ ಮುನ್ನವೇ ತಿರುವು, ತಿರುವು ಮುಗಿಯುವ ಮುನ್ನವೇ ಇಳಿಜಾರು. ಇಂಥ ದಾರಿಗಳಲ್ಲಿ ಇಂದು ಗೇರ್‌ರಹಿತ ಸ್ಕೂಟರುಗಳು ಸಲೀಸಾಗಿ ಓಡುತ್ತಿವೆ. ಸವಾರ ಆಕ್ಸಿಲರೇಟರ್ ತಿರುವಿದರೆ ಸಾಕು. ಉಳಿದ ಲೆಕ್ಕಾಚಾರವನ್ನು ಎಂಜಿನ್ನಿನ ಪಕ್ಕದಲ್ಲಿರುವ ರಬ್ಬರ್ ಬೆಲ್ಟ್ ಮತ್ತು ಎರಡು ಪುಲ್ಲಿಗಳು ನೋಡಿಕೊಳ್ಳುತ್ತವೆ. ಈ ವ್ಯವಸ್ಥೆಯನ್ನು ಕಾರಿಗೂ ಅಳವಡಿಸಿ, ದೊಡ್ಡ ಪ್ರಮಾಣದಲ್ಲಿ ತಯಾರಿಸಿ, ಜನಸಾಮಾನ್ಯರು ನೆಚ್ಚಬಹುದೆಂದು ತೋರಿಸಿಕೊಟ್ಟವರು ಹಾಲೆಂಡಿನ ಹಬ್ ವಾನ್ ಡೂರ್ನೆ.

1900ರ ಜನವರಿ 1ರಂದು ಲಿಂಬರ್ಗ್ ಪ್ರಾಂತ್ಯದ ಪುಟ್ಟ ಹಳ್ಳಿಯೊಂದರಲ್ಲಿ ಅವರು ಜನಿಸಿದರು. ಆ ಹಳ್ಳಿಯ ಹೆಸರು ಅಮೆರಿಕ. ತಂದೆ ಕಮ್ಮಾರರು. ಕುಲುಮೆಯ ಕೆಲಸವನ್ನು ನೋಡುತ್ತಲೇ ಬೆಳೆದ ಹಬ್, ಯಂತ್ರದ ದೋಷವನ್ನು ಥಟ್ಟನೆ ಪತ್ತೆ ಹಚ್ಚುವ ಕುಶಲಕರ್ಮಿಯಾದರು. ಐಂಡ್‌ಹೋವನ್ ನಗರದ ಬಿಯರ್ ತಯಾರಿಕಾ ಘಟಕವೊಂದರ ಮಾಲೀಕರ ಕಾರನ್ನು ಅವರು ದುರಸ್ತಿ ಮಾಡಿಕೊಟ್ಟಿದ್ದರು. ಅವರ ಕೈಚಳಕವನ್ನು ಮೆಚ್ಚಿದ ಆ ಮಾಲೀಕರು ಸ್ವಂತ ಕಾರ್ಯಾಗಾರ ತೆರೆಯಲು ಜಾಗವನ್ನೂ ಬಂಡವಾಳವನ್ನೂ ಒದಗಿಸಿದರು. 1928ರಲ್ಲಿ ಆರಂಭವಾದ ಆ ಕಾರ್ಯಾಗಾರವೇ ಮುಂದೆ ‘ಡಾಫ್’ ಕಂಪೆನಿಯಾಗಿ ಬೆಳೆಯಿತು. ತಮ್ಮ ವಿಮ್ ಕೂಡ ಜತೆಗೂಡಿದರು. 1930ರ ದಶಕದಲ್ಲಿ ಟ್ರೇಲರ್‌ಗಳನ್ನು ತಯಾರಿಸುತ್ತಿದ್ದ ಸೋದರರು 1949ರಲ್ಲಿ ಲಾರಿ ತಯಾರಿಕೆಗೂ ಕೈಹಾಕಿದರು.

ಲಾರಿ ವ್ಯಾಪಾರ ನೆಲೆಗೊಂಡ ಮೇಲೆ ಹಬ್ ಅವರ ಗಮನ ಸಣ್ಣ ಕಾರಿನತ್ತ ಹರಿಯಿತು. ಕ್ಲಚ್ ತುಳಿದು ಗೇರ್ ಬದಲಿಸುವ ಗೋಜೇ ಇಲ್ಲದ, ಎಲ್ಲರೂ ಓಡಿಸಬಲ್ಲ ಅಗ್ಗದ ಕಾರು ಅವರ ಗುರಿಯಾಗಿತ್ತು. ಅಗಲವಾಗುವ ಮತ್ತು ಕಿರಿದಾಗುವ ಪುಲ್ಲಿಗಳ ನಡುವೆ ಬೆಲ್ಟ್ ಓಡಿಸುವ ತತ್ವ ಹೊಸದೇನೂ ಆಗಿರಲಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಮಿಲ್ಟನ್ ರೀವ್ಸ್ ಅದನ್ನು 19ನೇ ಶತಮಾನದ ಕೊನೆಯಲ್ಲಿಯೇ ಪ್ರಯೋಗಿಸಿದ್ದರು. ಆದರೆ ವೇಗಕ್ಕೆ ಮತ್ತು ಭಾರಕ್ಕೆ ತಕ್ಕಂತೆ ಪುಲ್ಲಿಗಳು ತಾವಾಗಿಯೇ ಹೊಂದಿಕೊಳ್ಳುವಂತೆ ಮಾಡಿ, ಅದನ್ನು ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾಗುವ ಕಾರಿಗೆ ಕೂರಿಸಿದ ಕೀರ್ತಿ ವಾನ್ ಡೂರ್ನೆ ಅವರಿಗೆ ಸಲ್ಲುತ್ತದೆ. ಅವರು ಅದಕ್ಕೆ ‘ವೇರಿಯೊಮ್ಯಾಟಿಕ್’ ಎಂದು ಹೆಸರಿಟ್ಟರು. 590 ಸಿಸಿ ಎಂಜಿನ್ನಿನ ಡಾಫ್ 600 ಕಾರು 1958ರಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಜನರ ಮುಂದೆ ಬಂತು.

ಅದರ ಒಳಗುಟ್ಟು ಸರಳ. ಎಂಜಿನ್ ವೇಗ ಹೆಚ್ಚಿದಂತೆ ಮುಂದಿನ ಪುಲ್ಲಿಯೊಳಗಿನ ತೂಕದ ಬಿಲ್ಲೆಗಳು ಹೊರಕ್ಕೆ ಚಿಮ್ಮಿ ಪುಲ್ಲಿಯ ಎರಡು ಬದಿಗಳನ್ನು ಒತ್ತುತ್ತವೆ. ಬೆಲ್ಟ್ ಅಂಚಿನತ್ತ ಏರುತ್ತದೆ. ಹಿಂದಿನ ಪುಲ್ಲಿಯಲ್ಲಿ ಅದು ಸ್ಪ್ರಿಂಗಿನ ಒತ್ತಡವನ್ನು ಮೀರಿ ಒಳಕ್ಕೆ ಇಳಿಯುತ್ತದೆ. ಮೊದಲ ಗೇರಿನಿಂದ ಕೊನೆಯ ಗೇರಿನವರೆಗಿನ ಪಯಣ ಹೀಗೆ ಮೆಟ್ಟಿಲುಗಳಿಲ್ಲದೆ ನಡೆಯುತ್ತದೆ. ಗೇರ್‌ರಹಿತ ಸ್ಕೂಟರಿನಲ್ಲಿ ನಡೆಯುವುದೂ ಇದೇ. ಬಿಲ್ಲೆಗಳ ಜಾಗದಲ್ಲಿ ಅಲ್ಲಿ ರೋಲರ್‌ಗಳಿವೆ.

ಸ್ಕೂಟರಿನ ‘ಪಿಕಪ್’ ಹೆಚ್ಚಿಸಬೇಕೆಂದು ಗ್ಯಾರೇಜಿಗೆ ಬರುವ ಯುವಕರು ಕೈಯಿಡುವುದು ಈ ರೋಲರ್‌ಗಳಿಗೇ. ಹಗುರ ರೋಲರ್ ಹಾಕಿದರೆ ಬೆಲ್ಟ್ ತಡವಾಗಿ ಮೇಲೇರುತ್ತದೆ, ಎಂಜಿನ್ ಹೆಚ್ಚು ಸುತ್ತುತ್ತದೆ, ಏರು ಹತ್ತುವುದು ಹಗುರವಾಗುತ್ತದೆ. ಆದರೆ ಅತಿಯಾಗಿ ಹಗುರವಾದರೆ ಬೆಲ್ಟ್ ಪುಲ್ಲಿಯ ಅಂಚನ್ನು ಮುಟ್ಟುವುದೇ ಇಲ್ಲ. ಗರಿಷ್ಠ ವೇಗ ಕುಸಿದು ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆ. ಭಾರದ ರೋಲರ್ ಹಾಕಿದರೆ ಸಮತಟ್ಟಿನಲ್ಲಿ ಎಂಜಿನ್ ಶಾಂತವಾಗಿ ಓಡುತ್ತದೆ, ಏರಿನಲ್ಲಿ ಏದುಸಿರು ಬಿಡುತ್ತದೆ. ಹಿಂದಿನ ಸ್ಪ್ರಿಂಗನ್ನು ಬಿಗಿಗೊಳಿಸಿದರೆ ಏರಿನಲ್ಲಿ ಚುರುಕು ಬಂದರೂ ಬೆಲ್ಟ್ ಕಾದು ಬೇಗ ಸವೆಯುತ್ತದೆ. ಎಂಜಿನ್ನಿನ ಶಕ್ತಿ ಇದ್ದಷ್ಟೇ ಇರುತ್ತದೆ. ಬದಲಾಗುವುದು ಅದನ್ನು ಹಂಚುವ ಬಗೆ ಮಾತ್ರ. ಹಳೆಯ ಸ್ಕೂಟರಿನ ವೇಗ ಇಳಿದಿದ್ದರೆ ಸವೆದು ಕಿರಿದಾದ ಬೆಲ್ಟ್ ಅಥವಾ ಒಂದು ಬದಿ ಚಪ್ಪಟೆಯಾದ ರೋಲರ್ ಅನೇಕ ವೇಳೆ ಕಾರಣ. ಅವನ್ನು ಬದಲಿಸಿದರೆ ಹೊಸ ಪ್ರಯೋಗದ ಅಗತ್ಯವೇ ಬೀಳದು.

ಇಳಿಜಾರಿನ ವಿಷಯದಲ್ಲಿ ವಾನ್ ಡೂರ್ನೆ ಅವರ ಕಂಪೆನಿ ಎಚ್ಚರ ವಹಿಸಿತ್ತು. ಘಟ್ಟ ಇಳಿಯುವಾಗ ಕೆಳಗಿನ ಗೇರಿನಲ್ಲಿಯೇ ಹಿಡಿದಿಡುವ ಗುಂಡಿಯನ್ನು ಡಾಫ್ ಕಾರುಗಳಿಗೆ ಒದಗಿಸಿತ್ತು. ನಮ್ಮ ಸಾಮಾನ್ಯ ಸ್ಕೂಟರುಗಳಲ್ಲಿ ಅಂಥ ಸೌಲಭ್ಯವಿಲ್ಲ. ವೇಗ ತೀರಾ ಇಳಿದಾಗ ಕ್ಲಚ್ ಬಿಟ್ಟುಕೊಳ್ಳುವುದರಿಂದ ಎಂಜಿನ್ನಿನ ಹಿಡಿತವೂ ತಪ್ಪುತ್ತದೆ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಕೆಳಗಿಳಿಯುವ ಸವಾರನಿಗೆ ಬ್ರೇಕೇ ಮುಖ್ಯ ಆಧಾರ. ವೇಗ ಹೆಚ್ಚಿಸುವ ಮುನ್ನ ಬ್ರೇಕ್ ಮತ್ತು ಟಯರುಗಳ ಸ್ಥಿತಿ ನೋಡಬೇಕಾದುದು ಇದೇ ಕಾರಣಕ್ಕೆ.

ವಾನ್ ಡೂರ್ನೆ ಅವರ ಕಾರನ್ನು ಜನ ಕೊಂಡರು, ಅದರ ಜತೆಗೇ ಗೇಲಿಯನ್ನೂ ಮಾಡಿದರು. ವಯಸ್ಸಾದವರ ಕಾರು ಎಂಬ ಹಣೆಪಟ್ಟಿ ಅದಕ್ಕೆ ಅಂಟಿಕೊಂಡಿತು. ಮುಂದಕ್ಕೆ ಹೋದಷ್ಟೇ ವೇಗವಾಗಿ ಹಿಂದಕ್ಕೂ ಓಡಬಲ್ಲ ಅದರ ಗುಣದಿಂದಾಗಿ ಹಾಲೆಂಡಿನಲ್ಲಿ ಹಿಮ್ಮುಖ ಓಟದ ಸ್ಪರ್ಧೆಗಳೂ ನಡೆದವು. ಈ ಹೆಸರನ್ನು ಅಳಿಸಲು ಕಂಪೆನಿ 1960ರ ದಶಕದಲ್ಲಿ ಬೆಲ್ಟ್ ಚಾಲಿತ ಕಾರನ್ನು ಫಾರ್ಮುಲಾ-3 ಪಂದ್ಯಗಳಿಗೂ ಇಳಿಸಿತು. 1965ರಲ್ಲಿ ಹಬ್ ಕಂಪೆನಿಯ ಹೊಣೆಯಿಂದ ನಿವೃತ್ತರಾದರು. 1975ರಲ್ಲಿ ಕಾರು ವಿಭಾಗ ಸ್ವೀಡನ್ನಿನ ವೋಲ್ವೊ ಕಂಪೆನಿಯ ವಶವಾಯಿತು.

ನಿವೃತ್ತಿಯ ನಂತರವೂ ಅವರು ಬೆಲ್ಟನ್ನು ಬಿಡಲಿಲ್ಲ. ಹೆಚ್ಚು ಶಕ್ತಿಯ ಎಂಜಿನ್ನುಗಳನ್ನು ರಬ್ಬರ್ ಬೆಲ್ಟ್ ತಾಳಲಾರದೆಂಬುದು ಅವರಿಗೆ ತಿಳಿದಿತ್ತು. ಉಕ್ಕಿನ ತೆಳು ಪಟ್ಟಿಗಳಿಗೆ ನೂರಾರು ಸಣ್ಣ ತುಂಡುಗಳನ್ನು ಪೋಣಿಸಿದ, ಎಳೆಯುವ ಬದಲು ತಳ್ಳುವ ಬೆಲ್ಟಿನ ಕೆಲಸಕ್ಕೆ ಎಪ್ಪತ್ತರ ಹರೆಯದಲ್ಲಿ ಅವರು ತೊಡಗಿದರು. 1972ರಲ್ಲಿ ಅದಕ್ಕೆಂದೇ ಪ್ರತ್ಯೇಕ ಸಂಸ್ಥೆ ಹುಟ್ಟಿಕೊಂಡಿತು. ಆದರೆ ಫಲ ಕಾಣುವಷ್ಟು ಆಯುಷ್ಯ ಅವರಿಗೆ ಇರಲಿಲ್ಲ. 1979ರ ಮೇ ತಿಂಗಳಲ್ಲಿ ಅವರು ನಿಧನರಾದರು.

ಐದು ವರ್ಷಗಳ ಬಳಿಕ, 1984ರಲ್ಲಿ, ಕೈನೆಟಿಕ್ ಹೋಂಡಾ ಭಾರತದ ರಸ್ತೆಗೆ ಬೆಲ್ಟ್ ಚಾಲಿತ ಗೇರ್‌ರಹಿತ ಸ್ಕೂಟರನ್ನು ತಂದಿತು. 1987ರಲ್ಲಿ ಸುಬಾರು ಕಂಪೆನಿಯ ಜಸ್ಟಿ ಕಾರು ಉಕ್ಕಿನ ಬೆಲ್ಟಿನೊಂದಿಗೆ ಮಾರುಕಟ್ಟೆ ಸೇರಿತು. 1993ರಲ್ಲಿ ವಿಲಿಯಮ್ಸ್ ತಂಡ ಅದೇ ತತ್ವವನ್ನು ಫಾರ್ಮುಲಾ-1 ಕಾರಿನಲ್ಲಿ ಪರೀಕ್ಷಿಸಿತು. ಅದು ಪಂದ್ಯಕ್ಕಿಳಿಯುವ ಮುನ್ನವೇ ನಿಯಮಗಳು ತಡೆಯೊಡ್ಡಿದವು. 1995ರಲ್ಲಿ ಬಾಷ್ ಕಂಪೆನಿ ಆ ಸಂಸ್ಥೆಯನ್ನು ಕೊಂಡಿತು. ಒಮ್ಮೆ ಗೇಲಿಗೆ ಗುರಿಯಾದ ಯಂತ್ರವನ್ನು ಕೊನೆಗೆ ರೇಸಿನ ಕಣದಿಂದ ದೂರ ಇಡಬೇಕಾಗಿ ಬಂತು. ಅದನ್ನು ನೋಡಲು ಕಮ್ಮಾರನ ಮಗ ಬದುಕಿರಲಿಲ್ಲ.